ಹೊಟ್ಟೆಯೊಳಗೆ ಎಡ ಬಲ ಅದಲುಬದಲಾದವರಿಗೆ ಗಾಲ್‌ಬ್ಲಾಡರ್ ಕೀಹೋಲ್ ಆಪರೇಷನ್ ಆಗುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಅಣ್ಣನಿಗೆ 42 ವರ್ಷ. ಊಟ ಆದ ಮೇಲೆ ಎಡಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡ ಹಾಗೆ ನೋವು. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗುತ್ತಾ ಕಾಲ ತಳ್ಳಿದ. ಈಗ ಸ್ಕ್ಯಾನಿಂಗ್ ಮಾಡಿಸಿದರೆ ಲಿವರ್, ಗಾಲ್‌ಬ್ಲಾಡರ್ ಎರಡೂ ಎಡಗಡೆ, ಹೃದಯ ಬಲಗಡೆ! ಗಾಲ್‌ಬ್ಲಾಡರ್ ತುಂಬ ಕಲ್ಲು. ರಿಪೋರ್ಟಿನಲ್ಲಿ ಸೈಟಸ್ ಇನ್ವರ್ಸಸ್ (ಒಳಗಿನ ಅಂಗಗಳು ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲುಬದಲು) ಅಂತ ಬರೆದಿದ್ದಾರೆ. ಸಣ್ಣ ತೂತುಗಳಿಂದಲೇ ಮಾಡುವ ಕೀಹೋಲ್ ಆಗುತ್ತಾ, ಇಲ್ಲ ಹೊಟ್ಟೆ ಕೊಯ್ಯಲೇಬೇಕಾ? ಅತ್ತಿಗೆ ಅಂತೂ ಊಟ ನಿದ್ದೆ ಬಿಟ್ಟಿದ್ದಾರೆ.

ಉತ್ತರ: ಆಗುತ್ತಮ್ಮಾ, ಧಾರಾಳವಾಗಿ ಆಗುತ್ತದೆ. ಕೀಹೋಲ್‌ನಲ್ಲಿ ಗಾಲ್‌ಬ್ಲಾಡರ್ ಮೊದಲು ತೆಗೆದದ್ದು 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ. ಅಂಗಗಳು ಹೀಗೆ ತಿರುಗಿರುವವರಲ್ಲಿ ಮಾಡಿದ ವರದಿ 1991ರಲ್ಲೇ ಬಂತು. ಆಮೇಲೆ ಎಷ್ಟೋ ದೇಶಗಳಲ್ಲಿ ಮಾಡಿದ್ದಾರೆ. ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಗಾಲ್‌ಬ್ಲಾಡರ್ ತಾನಿರುವ ಕಡೆ ಆರಾಮಾಗೇ ಇರುತ್ತದೆ, ಕಷ್ಟ ಇರುವುದೆಲ್ಲ ನಮ್ಮ ಕೈಗೆ.

ಮಾಮೂಲಿ ಕೇಸಿನಲ್ಲಿ ನಾವು ರೋಗಿಯ ಎಡಗಡೆ ನಿಲ್ಲುತ್ತೇವೆ. ಗಾಲ್‌ಬ್ಲಾಡರ್ ಕುತ್ತಿಗೆಯನ್ನು ಎಡಗೈ ಸಾಧನದಿಂದ ಹಿಡಿದು ಎಳೆಯುತ್ತೇವೆ. ಎದೆಗೂಡಿನ ಕೆಳಗೆ, ನಡುವಿನ ತೂತಿನಿಂದ ಬಲಗೈ ಸಾಧನ ಒಳಗೆ ಹೋಗಿ ನಾಳ, ರಕ್ತನಾಳ ಬಿಡಿಸುತ್ತದೆ. ಅಣ್ಣನಂಥವರಲ್ಲಿ ನಾವು ಬಲಗಡೆ ನಿಲ್ಲಬೇಕು, ಹೊಟ್ಟೆಯೊಳಗಿನದನ್ನು ತೋರಿಸುವ ಟಿವಿ ಪರದೆ ರೋಗಿಯ ಎಡ ಭುಜದ ಕಡೆಗೆ ಹೋಗುತ್ತದೆ, ತೂತುಗಳೂ ಎಡಗಡೆಗೆ. ಆಗ ಆ ನಡುವಿನ ತೂತು ನಮ್ಮ ಎಡಗೈಗೆ ಬಂದುಬಿಡುತ್ತದೆ. ಬಿಡಿಸುವ ನಾಜೂಕು ಕೆಲಸ ಎಡಗೈಗೆ, ಹಿಡಿದುಕೊಳ್ಳುವ ಕೆಲಸ ಬಲಗೈಗೆ. ಬಲಗೈಯಲ್ಲಿ ಬರೆಯುವವರಿಗೆ ಎಡಗೈಯಲ್ಲಿ ಸಹಿ ಹಾಕು ಅಂದಂತೆ. ಎಡಚ ಸರ್ಜನ್ನುಗಳಿಗೆ ಮಾತ್ರ ಇದು ಹಬ್ಬ.

ಕಮೆಂಟ್ (ಸರ್ಜರಿ ಪಿಜಿ): ಸರ್, ಬಲಗೈಯವರು ಕೈ ಅಡ್ಡ ಹಾಕಿಕೊಂಡೇ ಮಾಡಬೇಕಾ?

ಉತ್ತರ: ಬೇಡ ಮಾರಾಯ, ಸಾಧನಗಳು ಒಂದಕ್ಕೊಂದು ಗುದ್ದಾಡುತ್ತವೆ. ನಡುವಿನ ತೂತಿನಿಂದ ಕುತ್ತಿಗೆ ಎಳೆದು ಹಿಡಿಯಲು ಅಸಿಸ್ಟೆಂಟಿಗೆ ಹೇಳಿ, ನೀವು ಎಡ ಪಕ್ಕೆಯ ತೂತಿನಿಂದ ಬಲಗೈಯಲ್ಲೇ ಬಿಡಿಸಬಹುದು. ಕೆಲವರು ರೋಗಿಯ ಕಾಲುಗಳ ನಡುವೆ ನಿಂತು ಮಾಡುತ್ತಾರೆ, ಅದೂ ಸಲೀಸು. ಆದರೆ ಹೇಗೇ ನಿಂತರೂ ಒಂದನ್ನು ಬಿಡಬೇಡಿ. ಗಾಲ್‌ಬ್ಲಾಡರಿನ ಕೆಳಭಾಗ ಲಿವರ್‌ನಿಂದ ಬಿಡಿಸಿಕೊಂಡು, ಅದರೊಳಗೆ ಹೋಗುವುದು ಎರಡೇ ಎರಡು, ಒಂದು ಅದರ ನಾಳ, ಇನ್ನೊಂದು ರಕ್ತನಾಳ ಅಂತ ಕಣ್ಣಾರೆ ಕಾಣುವವರೆಗೆ ಕ್ಲಿಪ್ ಹಾಕಬಾರದು. ಕಣ್ಣಿಗೆ ಎಲ್ಲಾ ತಿರುಗಾಮುರುಗಾ ಕಾಣುವಾಗ ಮುಖ್ಯ ಪಿತ್ತನಾಳವನ್ನೇ ಗಾಲ್‌ಬ್ಲಾಡರ್ ನಾಳ ಅಂದುಕೊಳ್ಳುವ ಅಪಾಯ ಇದ್ದೇ ಇದೆ. ಕಾಣಿಸದಿದ್ದರೆ ಡೈ ಹಾಕಿ ಎಕ್ಸ್‌ರೇ ನೋಡಿ, ಇಲ್ಲ ಗಾಲ್‌ಬ್ಲಾಡರಿನ ಸ್ವಲ್ಪ ಭಾಗ ಒಳಗೇ ಉಳಿಸಿ ಬನ್ನಿ, ಇಲ್ಲ ಹೊಟ್ಟೆ ತೆರೆಯಿರಿ. ತೆರೆದರೆ ಸೋತ ಹಾಗಲ್ಲ.

ಪ್ರಶ್ನೆ: ಡಾಕ್ಟ್ರೇ, ಆಪರೇಷನ್‌ಗೆ ಮುಂಚೆ ನಾವೇನು ಮಾಡಬೇಕು?

ಉತ್ತರ: ಪಿತ್ತನಾಳದಲ್ಲೂ ಕಲ್ಲಿರಬಹುದು ಅನ್ನಿಸಿದರೆ ಆ ನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಮಾಡಿಸುತ್ತಾರೆ. ಇಂಥವರಲ್ಲಿ ನಾಳಗಳ ನಕ್ಷೆ ಮೊದಲೇ ಕೈಯಲ್ಲಿದ್ದರೆ ನಮಗೂ ಧೈರ್ಯ. ಇಸಿಜಿ ತೆಗೆಯುವವರಿಗೆ ಹೃದಯ ಬಲಗಡೆ ಅಂತ ಬಾಯಿಬಿಟ್ಟು ಹೇಳಿ. ವೈರುಗಳನ್ನು ತಿರುಗಿಸಿ ಹಾಕದಿದ್ದರೆ ಇಸಿಜಿ ವಿಚಿತ್ರವಾಗಿ ಬಂದು ಸುಮ್ನೆ ಎಲ್ಲರಿಗೂ ಗಾಬರಿ. ಅರಿವಳಿಕೆ ಡಾಕ್ಟರಿಗೂ ಹೇಳಿ, ತುರ್ತಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಪ್ಯಾಡ್ ಕೂಡ ಬಲಗಡೆಗೇ ಹಾಕಬೇಕು. ಅಣ್ಣನಿಗೆ ಚಿಕ್ಕಂದಿನಿಂದ ಕಫ, ಸೈನಸ್ ಕಾಟ ಇದೆಯಾ? ಹೀಗಿರುವ ಐವರಲ್ಲಿ ಒಬ್ಬರಿಗಾದರೂ ಶ್ವಾಸನಾಳದೊಳಗಿನ ಸಣ್ಣ ರೋಮಗಳು ಸರಿಯಾಗಿ ಆಡುವುದಿಲ್ಲ. ಇದ್ದರೆ ಮೊದಲು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ.

ಕಮೆಂಟ್: ನನಗೂ ಹೀಗೇ ಇದೆ ಸರ್. ಕಲ್ಲಿದೆ, ಆದರೆ ಒಂದು ದಿನವೂ ನೋವಿಲ್ಲ. ತೆಗೆಸಿಬಿಡಲಾ?

ಉತ್ತರ: ನೋವಿಲ್ಲದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತೇವೆ. ಅಂಗ ತಿರುಗಿದೆ ಅನ್ನುವುದೊಂದೇ ಕಾರಣಕ್ಕೆ ಕತ್ತರಿ ಬೇಡ. ನಿಮ್ಮ ಅಪೆಂಡಿಕ್ಸೂ ಎಡಗಡೆ ಇರುತ್ತದೆ ಅನ್ನುವುದನ್ನು ನೆನಪಿಡಿ, ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ.

ಪ್ರಶ್ನೆ: ಕೊನೆಯದಾಗಿ ಡಾಕ್ಟ್ರೇ, ಡೇಟ್ ಸಿಗುವ ತನಕ ಕಾಯಬಹುದಲ್ವಾ?

ಉತ್ತರ: ನೋವು ಬಂದು ಹೋಗುತ್ತಿದ್ದರೆ ಕಾಯಬಹುದು. ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ನೋವು ಗಂಟೆಗಟ್ಟಲೆ ಬಿಡದೆ ಹಿಡಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಜನ್ ಹತ್ತಿರ ‘ಇಂಥ ಕೇಸ್ ಮಾಡಿದ್ದೀರಾ’ ಅಂತ ಕೇಳಿ, ಇಲ್ಲ ಅಂದರೂ ಪರವಾಗಿಲ್ಲ, ಹೆಚ್ಚಿನವರು ಮಾಡಿರುವುದಿಲ್ಲ. ಮಾಮೂಲಿ ಗಾಲ್‌ಬ್ಲಾಡರ್ ಆಪರೇಷನ್‌ನಲ್ಲಿ ಪಳಗಿದ ಕೈ ಇರಬೇಕು, ಆವತ್ತು ಅವಸರ ಇರಬಾರದು. ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ ಅಂತ ಅತ್ತಿಗೆಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಥಿಯೇಟರ್ ಹೊರಗೆ ಕೂತು ಪಾಪ ಒದ್ದಾಡುತ್ತಾರೆ.