ಅಪ್ಪನ ಹಳೇ ಮನೆ, ಮನೆಸಾಮಾನು ನಾವೇ ಹರಾಜು ಹಾಕಬಹುದಾ? (ಬಳ್ಳಾರಿ)

ಬ್ರೂಸ್‌ಪೇಟೆ ಮನೆಮಗಳು:

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬ್ರೂಸ್‌ಪೇಟೆಯಲ್ಲಿ ನಮ್ಮ ಅಪ್ಪನ ಹಳೇ ಮಾಳಿಗೆ ಮನೆ ಇದೆ. ಅಮ್ಮ ಮೊದಲೇ ಹೋಗಿದ್ದರು. ಹೋದ ವರ್ಷ ಅಪ್ಪನೂ ತೀರಿಕೊಂಡರು. ಉಯಿಲು ಏನೂ ಬರೆದಿಲ್ಲ. ಅಣ್ಣ ಬೆಂಗಳೂರಲ್ಲಿ, ಅಕ್ಕ ಹೊಸಪೇಟೆಯಲ್ಲಿ, ನಾನು ಪುಣೆಯಲ್ಲಿ. ಮನೆಗೆ ಬೀಗ ಬಿದ್ದಿದೆ. ಅಣ್ಣನಿಗೆ ಮನೆ ತಾನೇ ಇಟ್ಟುಕೊಳ್ಳುವ ಆಸೆ. ಆದರೆ ನಮ್ಮಿಬ್ಬರ ಪಾಲಿಗೆ ಅವನು ಹೇಳುವ ರೇಟು ಕೇಳಿದರೆ ನಗು ಬರುತ್ತದೆ.

ಒಳಗೆ ಸಾಮಾನು ಬೇಕಾದಷ್ಟಿದೆ. ತಾಮ್ರದ ಹಂಡೆ, ಹಿತ್ತಾಳೆ ಕೊಡ, ಸಾಗುವಾನಿ ಅಲ್ಮಾರಿ, ಅಜ್ಜಿಯ ತೂಗುಮಂಚ, ಹೊಲಿಗೆ ಮಷಿನ್, ಬೀಸುಕಲ್ಲು. ದೇವರ ಮನೆಯಲ್ಲಿ ಒಂದು ಪಂಚಲೋಹದ ಮೂರ್ತಿ ಇದೆ. ಮುತ್ತಜ್ಜನ ಕಾಲದ್ದು ಅಂತ ಅಪ್ಪ ಹೇಳುತ್ತಿದ್ದರು. ಗುಜರಿಯವರು ಬಂದು ನೋಡಿ, ಎಲ್ಲಾ ಸೇರಿಸಿ ತೂಕದ ಲೆಕ್ಕದಲ್ಲಿ ಒಂದು ಮೊತ್ತ ಹೇಳಿ ಹೋದರು. ಅಕ್ಕ ಅಲ್ಲೇ ಅತ್ತುಬಿಟ್ಟಳು.

ಬಹಿರಂಗ ಹರಾಜು ಹಾಕಿದರೆ ಜಗಳವೂ ತಪ್ಪುತ್ತದೆ, ಒಳ್ಳೇ ಬೆಲೆಯೂ ಬರುತ್ತದೆ ಅಂತ ನನಗನಿಸಿದೆ. ಖಾಸಗಿಯವರು ಹಾಗೆ ಮಾಡಬಹುದಾ? ಇಲ್ಲ, ಕೋರ್ಟಿಂದಲೇ ಹರಾಜು ಮಾಡಿಸಬೇಕಾ?

ಗಂಗಾವತಿ ಗಿರಣಿ:

ಬ್ಯಾಂಕ್‌ಗಳು ಮನೆ ಹರಾಜು ಹಾಕುವ ಆನ್‌ಲೈನ್ ಪೋರ್ಟಲ್ ಇದೆಯಲ್ಲ, ಅದರಲ್ಲೇ ನಿಮ್ಮದೂ ಹಾಕಿ. ಊರೂರಿಂದ ಬಿಡ್ ಬರುತ್ತೆ.

ರಾಯಚೂರು ಕಾಕಾ:

ತಂಗಿ, ನಾನು ರಾಯಚೂರು ಜಿಲ್ಲೆಯಲ್ಲಿ ಕೋರ್ಟ್ ಅಮೀನನಾಗಿದ್ದು ನಿವೃತ್ತನಾದವನು. ಜಪ್ತಿ, ಡಂಗುರ, ಸವಾಲು (ನಮ್ಮ ಕಡೆ ಹರಾಜಿಗೆ ಹೀಗೇ ಅನ್ನೋದು), ಇದೇ ನನ್ನ ಹೊಟ್ಟೆಪಾಡಾಗಿತ್ತು. ಮೇಲಿನ ತಮ್ಮ ಹೇಳಿದ ಪೋರ್ಟಲ್ ನಿನಗೆ ಬರಲ್ಲ. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಲ್ಲಿ ವಶಕ್ಕೆ ತಗೊಂಡು ಮಾರುವ ಜಾಗ ಅದು.

ಮೊದಲು ಸಾಮಾನಿನ ಮಾತು. ಮೂವರೂ ಒಪ್ಪಿದರೆ ಸಾಮಾನು ಮಾರೋದಕ್ಕೆ ಕೋರ್ಟಿನ ಅಪ್ಪಣೆ ಬೇಕಿಲ್ಲ. ಆದರೆ ಹರಾಜು ಅಂದರೆ ಬೆಲೆ ಏರಿಯೇ ಏರುತ್ತದೆ ಅಂತ ತಿಳಿದಿದ್ದೀಯಲ್ಲ, ಅದನ್ನು ಬಿಡು. ಕೋರ್ಟಿನ ಕಡೆಯಿಂದ ನಾನು ಕೂಗಿಸಿದ ಅಲ್ಮಾರಿ, ಟಿವಿ, ಸೈಕಲ್‌ಗಳಿಗೆ ಸರಿಯಾದ ಬೆಲೆ ಬಂದದ್ದು ಅಪರೂಪ. ಸಾಮಾನಿನಲ್ಲಿ ಏನೂ ದೋಷ ಇರಲಿಲ್ಲ. ಪ್ರತಿ ಸಲ ಬರುವವರು ಅದೇ ನಾಲ್ಕು ಮಂದಿ. ಹೊರಗೆ ಚಹಾ ಕುಡಿಯುವಾಗಲೇ "ಅಲ್ಮಾರಿ ನಿನಗೆ, ಟಿವಿ ನನಗೆ" ಅಂತ ಮಾತಾಡಿಕೊಂಡು ಒಳಗೆ ಬರುತ್ತಿದ್ದರು. ನಾನು ಮೂರು ಸಲ ಕೂಗುತ್ತಿದ್ದೆ. ಒಬ್ಬ ಬಾಯಿ ಬಿಡುತ್ತಿದ್ದ, ಮೂವರು ಗೋಡೆ ನೋಡುತ್ತಿದ್ದರು. ಸವಾಲಿನ ಬೆಲೆ ಎದುರಿಗೆ ಯಾರು ನಿಂತಿದ್ದಾರೆ ಅನ್ನೋದರ ಮೇಲೆ ಹೋಗುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ, ಜನ ಸುಮ್ನೆ ಹೆದರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸಾಲಗಾರನ ಮನೆಯವರ ತೊಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ ಜಪ್ತಿ ಮಾಡುವಂತಿಲ್ಲ. ಧರ್ಮದ ರೂಢಿಯಂತೆ ಹೆಂಗಸು ತೆಗೆಯಬಾರದ ಒಡವೆಗೂ ಕೈ ಹಾಕುವಂತಿಲ್ಲ. ಕುಶಲಕರ್ಮಿಯ ಹತ್ಯಾರ ಬಿಡಬೇಕು. ರೈತನ ಬೇಸಾಯದ ಸಾಮಾನು, ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ ಬಿಡಬೇಕು. ನಿನಗೆ ಇದು ಬೇಕಿಲ್ಲ, ಓದುವ ಬೇರೆಯವರಿಗೆ ಬೇಕಾಗಬಹುದು.

ಆ ಮೂರ್ತಿಯನ್ನು ಮಾತ್ರ ಯಾರಿಗೂ ಕೊಟ್ಟುಬಿಡಬೇಡ. 100 ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅದಕ್ಕೆ ಬರುತ್ತದೆ. ನೋಂದಣಿ ಕೇಳುತ್ತಾರೆ. ಅಂಥದ್ದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತೆಯೇ ಇಲ್ಲ. ಹಂಪಿಯಲ್ಲಿ ಪುರಾತತ್ವ ಇಲಾಖೆಯವರ ಕಚೇರಿ ಇದೆ, ನಿನ್ನ ಅಕ್ಕನಿಗೆ ಹತ್ತಿರ. ಫೋಟೊ ತಗೊಂಡು ಹೋಗಿ ವಿಚಾರಿಸಲಿ. ಮನೆಯಲ್ಲೇ ಪೂಜೆಗೆ ಇಟ್ಟುಕೊಳ್ಳೋದು ನನ್ನ ಪ್ರಕಾರ ಒಳ್ಳೇದು.

ಈಗ ಮನೆ. ಅಪ್ಪನ ಸ್ವಂತದ್ದಾಗಿದ್ದು ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಸಮಪಾಲು. ನೀವಿಬ್ಬರು ಸೇರಿದರೆ ಮೂರರಲ್ಲಿ ಎರಡು ಪಾಲು ನಿಮ್ಮದು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿರುವವರು ಪಾಲಿನ ದಾವೆಯಲ್ಲಿ "ಈ ಮನೆ ತುಂಡು ಮಾಡಿದರೆ ಯಾರಿಗೂ ಉಪಯೋಗ ಇಲ್ಲ, ಮಾರಿ ದುಡ್ಡು ಹಂಚಿ" ಅಂತ ಕೇಳಬಹುದು. 1893ರ ವಿಭಾಗ ಕಾಯ್ದೆಯ 2ನೇ ಕಲಂ ಅದು. ಎಷ್ಟೋ ಮಂದಿ ಇಷ್ಟು ಓದಿಕೊಂಡು ಕೋರ್ಟಿಗೆ ಓಡುತ್ತಾರೆ. ಕೆಳಗಿನ 3ನೇ ಕಲಂ ಓದಿರುವುದಿಲ್ಲ. ನೀವು ಮಾರಾಟ ಕೇಳಿದ ಮೇಲೆ ನಿಮ್ಮಣ್ಣ ಎದ್ದು "ಅವರ ಪಾಲು ನಾನೇ ಕೊಳ್ಳುತ್ತೇನೆ" ಅಂದರೆ, ಕೋರ್ಟು ಬೆಲೆ ಕಟ್ಟಿಸಿ ಆ ಬೆಲೆಗೆ ಅವನಿಗೇ ಕೊಡುತ್ತದೆ. ಬಯಲಲ್ಲಿ ಸವಾಲು ನಡೆಯುವುದೇ ಇಲ್ಲ. ಅವನ ನಗೆಪಾಟಲು ರೇಟಿಗಿಂತ ಅದು ಎಷ್ಟೋ ಮೇಲು ಇರಬಹುದು. ಆದರೆ ವರ್ಷಗಟ್ಟಲೆ ಅಲೆದು, ವಕೀಲರ ಫೀಸು ಕೊಟ್ಟು ಅಲ್ಲಿಗೆ ಮುಟ್ಟುತ್ತೀರಿ.

ಅವನು ಕೊಳ್ಳದೆ ಬಹಿರಂಗ ಸವಾಲೇ ಆಯಿತು ಅಂತ ಇಟ್ಟುಕೋ. ಕೋರ್ಟ್ ಹರಾಜಿನಲ್ಲಿ ಕೂಗಿದವನು ಸಾಮಾನ್ಯವಾಗಿ ನಿಂತಲ್ಲೇ 25% ಕಟ್ಟಬೇಕು, ಉಳಿದದ್ದು 15 ದಿನದೊಳಗೆ. ಬ್ರೂಸ್‌ಪೇಟೆ ಮನೆಗೆ ಅಷ್ಟು ದುಡ್ಡು ಕೈಯಲ್ಲಿಟ್ಟುಕೊಂಡವರು ಎಷ್ಟು ಮಂದಿ? ಲೋನ್ ಮಾಡಿ ಕೊಳ್ಳುವ ಮೇಷ್ಟ್ರು, ನರ್ಸು ಬರುವುದಿಲ್ಲ. ಬರುವವರು ಮತ್ತೆ ಅದೇ ಚಹಾ ಅಂಗಡಿಯವರು.

ನನ್ನ ಸಲಹೆ, ಸವಾಲು ನಿಮ್ಮ ಮೂವರ ನಡುವೆಯೇ ಆಗಲಿ. ಯಾರ ಕಡೆಯವರೂ ಅಲ್ಲದ ಒಬ್ಬ ನೋಂದಾಯಿತ ವ್ಯಾಲ್ಯುಯರ್ ಹತ್ತಿರ ಬೆಲೆ ಕಟ್ಟಿಸಿ. ಅದೇ ತಳಬೆಲೆ. ಪ್ರತಿಯೊಬ್ಬರೂ ಇಡೀ ಮನೆಗೆ ಎಷ್ಟು ಕೊಡುತ್ತೀರಿ ಅಂತ ಮುಚ್ಚಿದ ಕವರ್‌ನಲ್ಲಿ ಬರೆದು ಕೊಡಿ. ಜಾಸ್ತಿ ಬರೆದವರದು ಮನೆ. ಉಳಿದಿಬ್ಬರು ಆ ಬೆಲೆಯಲ್ಲಿ ತಮ್ಮ ಪಾಲಿನ ದುಡ್ಡು ತಗೊಂಡು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡಬೇಕು. ಒಡಹುಟ್ಟಿದವರ ನಡುವೆ ಇದರ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ಯಾರೂ ತಳಬೆಲೆ ಮುಟ್ಟದಿದ್ದರೆ ಹೊರಗಿನವರಿಗೆ ಮಾರಿ.

ಕೊಪ್ಪಳ ಮಂದಿ:

ಕಾಕಾ ಹೇಳಿದ್ದು ನೂರಕ್ಕೆ ನೂರು. ನಮ್ಮೂರ ಜಾತ್ರೆಯಲ್ಲಿ ದೇವರ ಮುಂದಿನ ತೆಂಗಿನಕಾಯಿ ಸವಾಲಿಗೆ ಬಂದರೆ ಸಾವಿರಗಟ್ಟಲೆ ಹೋಗುತ್ತೆ. ಸಂತೆಯಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡೋ ಮನುಷ್ಯ ಅಲ್ಲಿ ಮೀಸೆ ತಿರುವಿ ಕೂಗ್ತಾನೆ. ಎದುರಿಗೆ ಬೀಗರು ನಿಂತಿರ್ತಾರಲ್ಲ!

ಅಕ್ಕಾ, ಸಾಮಾನಿಗೆ ನಾವು ಮಾಡಿದ್ದು ಹೇಳ್ತೀನಿ. ಸೋದರಮಾವನ ಮನೆ ಖಾಲಿ ಮಾಡುವಾಗ ಒಂದೊಂದು ಸಾಮಾನಿನ ಫೋಟೊ ತೆಗೆದು ಮೊದಲು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆವು. ನೆನಪಿನ ಬೆಲೆ ಕೊಡೋರು ಅವರೇ. ಗುಜರಿಯಲ್ಲಿ ಕಟ್ಟಿಗೆ ರೇಟಿಗೆ ಕೇಳಿದ್ದ ಬಾಗಿಲು, ಕಂಬ ಆನೆಗೊಂದಿ ಕಡೆ ಹೋಂಸ್ಟೇ ನಡೆಸೋರು ತಗೊಂಡರು. ಅವರಿಗೆ ಕೆತ್ತನೆ ಬೇಕು. ಸ್ಟೀಲ್ ಪಾತ್ರೆ, ಹಾಸಿಗೆಯನ್ನು ಕೆಲಸದವರಿಗೆ ಕೊಟ್ಟುಬಿಟ್ಟೆವು, ಅದರಲ್ಲಿ ಲೆಕ್ಕ ನೋಡಬೇಡಿ.

ಒಂದು ಉಪಾಯ ಕೂಡ ಇದೆ. ಸವಾಲಿನಲ್ಲಿ ನಮ್ಮವನೇ ಒಬ್ಬ ನಿಂತು ಸ್ವಲ್ಪ ಏರಿಸ್ತಾ ಹೋದರೆ ಬೆಲೆ ತಾನಾಗೇ ಮೇಲೆ ಹೋಗುತ್ತೆ.

ರಾಯಚೂರು ಕಾಕಾ:

ತಮ್ಮಾ, ಬಾಕಿ ಎಲ್ಲಾ ಸರಿ, ಆ ಉಪಾಯ ಬೇಡ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಅದಕ್ಕೇ ಇದೆ. ಮಾರುವವನು ಮೊದಲೇ ಸಾರಿ ಹೇಳದೆ ತಾನಾಗಲಿ, ತನ್ನವನಿಂದಾಗಲಿ ಕೂಗಿಸಿದರೆ ಅದು ಮೋಸ ಅಂತ ಕೊಂಡವನು ವಾದಿಸಬಹುದು. ಸುಳ್ಳು ಕೂಗಿನಿಂದ ಬೆಲೆ ಏರಿಸಿದ್ದರೆ ವ್ಯಾಪಾರ ರದ್ದು ಮಾಡುವ ಹಕ್ಕು ಅವನದು. ಕಡಿಮೆಗೆ ಹೋಗಬಾರದು ಅಂದರೆ ಇಷ್ಟಕ್ಕಿಂತ ಕೆಳಗೆ ಕೊಡಲ್ಲ ಅಂತ ಮೊದಲೇ ಹೇಳಿ, ಅದಕ್ಕೆ ಅದೇ ಕಲಂನಲ್ಲಿ ಅವಕಾಶ ಇದೆ.

ಬ್ರೂಸ್‌ಪೇಟೆ ಮನೆಮಗಳು:

ಕಾಕಾ, ತುಂಬಾ ಉಪಕಾರ ಆಯಿತು. ನಿಮ್ಮ ಬರಹವನ್ನು ಅಣ್ಣನಿಗೆ ಕಳಿಸಿದೆ. ಇಡೀ ದಿನ ಉತ್ತರ ಇಲ್ಲ. ರಾತ್ರಿ "ವ್ಯಾಲ್ಯುಯರ್ ನಾನು ಹೇಳಿದವರೇ ಆಗಬೇಕು" ಅಂತ ಒಂದೇ ಸಾಲು. ಕವರ್‌ಗೆ ಮಾತ್ರ ಬೇಡ ಅಂದಿಲ್ಲ. ಅವನು ಜಾಸ್ತಿ ಬರೆದು ಮನೆ ಗೆದ್ದು, ಆಮೇಲೆ ದುಡ್ಡು ಕೊಡದೆ ಎಳೆದರೆ?

ರಾಯಚೂರು ಕಾಕಾ:

ವ್ಯಾಲ್ಯುಯರ್ ಅವನ ಕಡೆಯವರು ಒಬ್ಬರು, ನಿಮ್ಮ ಕಡೆಯವರು ಒಬ್ಬರು ಇರಲಿ. ಎರಡರ ಸರಾಸರಿ ತಳಬೆಲೆ. ಫೀಸು ಮೂವರೂ ಹಂಚಿಕೊಳ್ಳಿ.

ಕವರ್ ತೆರೆಯುವ ಮೊದಲೇ ಛಾಪಾ ಕಾಗದದ ಮೇಲೆ ಕರಾರು ಬರೆಸಿ. ಗೆದ್ದವರು ಅದೇ ವಾರ ಕಾಲು ಭಾಗ ಬ್ಯಾಂಕ್ ಮೂಲಕ ಕೊಡಬೇಕು. ಉಳಿದದ್ದಕ್ಕೆ ಮೂರು ತಿಂಗಳು ಕೊಡಿ, ಲೋನ್ ಮಾಡಿಕೊಳ್ಳಲಿ. ತಪ್ಪಿದರೆ ಎರಡನೆಯವರಿಗೆ ಅವರು ಬರೆದ ಬೆಲೆಗೆ ಹೋಗುತ್ತದೆ ಅಂತ ಸ್ಪಷ್ಟವಾಗಿ ಇರಲಿ. ಪೂರ್ತಿ ಹಣ ಖಾತೆಗೆ ಬರದೆ ನೀವಿಬ್ಬರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಬೇಡಿ. ಪತ್ರ ಮಾಡಿಸೋ ಮುಂಚೆ ಬಳ್ಳಾರಿಯ ಒಬ್ಬ ವಕೀಲರಿಗೆ ತೋರಿಸಿ.

ಅಷ್ಟರೊಳಗೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಮನೆಯ ಇ-ಖಾತೆ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಬದಲಾವಣೆಗೆ ಕೊಡಿ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ ನೋಡಿ, ಅಪ್ಪ ಎಲ್ಲಾದರೂ ಮನೆ ಅಡವಿಟ್ಟು ಸಾಲ ಮಾಡಿದ್ದರೆ ಈಗಲೇ ಗೊತ್ತಾಗಲಿ. ಹೊರಗಿನವರಿಗೇ ಮಾರುವ ಹೊತ್ತು ಬಂದರೆ, ಬೆಲೆ 50 ಲಕ್ಷ ಅಥವಾ ಮೇಲಿದ್ದಾಗ ಕೊಳ್ಳುವವರು 1% ಆದಾಯ ತೆರಿಗೆ (ಟಿಡಿಎಸ್) ಹಿಡಿದೇ ಕೊಡುತ್ತಾರೆ. ಅದಕ್ಕೆ ಜಗಳ ತೆಗೀಬೇಡ, ಮೂವರ ಪಾನ್ ನಂಬರ್ ಸರಿಯಾಗಿ ಕೊಟ್ಟರೆ ಸಾಕು.