ಸಹಾಯ ಬೇಕು: ದತ್ತು ಮೊದಲಾ, ವಿದೇಶಕ್ಕೆ ಹೋಗೋದು ಮೊದಲಾ?

ಎಲ್ರಿಗೂ ನಮಸ್ಕಾರ. ಮಗು ದತ್ತು ತಗೊಳ್ಳೋಕೆ ಅರ್ಜಿ ಹಾಕಿ ಹೋಮ್ ಸ್ಟಡಿನೂ (ದತ್ತು ಕೊಡೋ ಮೊದಲು ನಮ್ಮನೆ, ಕುಟುಂಬ ಹೇಗಿದೆ ಅಂತ ನೋಡೋ ಪರಿಶೀಲನೆ) ಮುಗಿಸಿದೀವಿ, ಅಷ್ಟರಲ್ಲಿ ನಮ್ಮನೆಯವರಿಗೆ ಬೇರೆ ದೇಶಕ್ಕೆ ಟ್ರಾನ್ಸ್‌ಫರ್ ಆಗೋ ಹಾಗಿದೆ. ಈಗ್ಲೇ ಹೋದ್ರೆ ಹೋಮ್ ಸ್ಟಡಿ ಅಲ್ಲಿ ಮತ್ತೆ ಮಾಡಿಸ್ಬೇಕು, ಮಗು ಬಂದ್ಮೇಲೆ ಹೋಗೋಣ ಅಂದ್ರೆ ದತ್ತು ಆದೇಶ, ಪಾಸ್‌ಪೋರ್ಟ್, ವೀಸಾ ಎಲ್ಲಾ ಕೈಗೆ ಬರೋವರೆಗೂ ಕಾಯ್ಬೇಕು, ಆಮೇಲೆ ದತ್ತಾದ ಮಗು ಹೇಗಿದೆ ಅಂತ ಕೊಡೋ ಫಾಲೋಅಪ್ ರಿಪೋರ್ಟ್ ಅಲ್ಲಿಂದ ಯಾರು ಕೊಡ್ತಾರೆ? 1993ರ ಹೇಗ್ ಒಪ್ಪಂದ ಇರೋದು ಒಂದು ದೇಶದಿಂದ ಇನ್ನೊಂದಕ್ಕೆ ಆಗೋ ದತ್ತಿಗೆ, ನಮ್ಮದು ಇಲ್ಲೇ ಆಗಿ ಆಮೇಲೆ ಹೋಗೋದು, ಅದನ್ನ ಆ ದೇಶದ ವೀಸಾದವರು ಹೇಗೆ ನೋಡ್ತಾರೆ?

ನನಗೆ ಜಾಸ್ತಿ ಚಿಂತೆ ಮಗುದೇ. ನಮ್ಮನ್ನ ಹಚ್ಕೊಳ್ಳೋ ಟೈಮಲ್ಲೇ ಮನೆ, ಸುತ್ತ ಕೇಳೋ ಭಾಷೆ ಎಲ್ಲಾ ಇನ್ನೊಂದ್ಸಲ ಬದಲಾಗುತ್ತೆ. ಬೇಕಿದ್ರೆ ಟ್ರಾನ್ಸ್‌ಫರ್ ಮುಂದೂಡೋಕೂ ರೆಡಿ ಇದೀವಿ. ಈ ಥರ ಮಾಡಿದವರು ಇದ್ರೆ ಯಾವುದು ಮೊದಲು ಮಾಡಿದ್ರಿ, ದಯವಿಟ್ಟು ಹೇಳಿ.