‘ಎಂಡೋಕಾರ್ಡೈಟಿಸ್’, ‘ವೆಜಿಟೇಶನ್’: ತಂದೆತಾಯಿಗಳಿಗೆ ತಿಳಿಯುವ ಪದ ಯಾವುದು?

ಮಾನ್ಯರೇ,

ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳ ತಂದೆತಾಯಿಗಳಿಗಾಗಿ ಸಿದ್ಧವಾಗುತ್ತಿರುವ ಒಂದು ತಿಳಿವಳಿಕೆ ಪತ್ರದಲ್ಲಿ ‘ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್’ಗೆ (ರೋಗಾಣುಗಳು ಹೃದಯದ ಒಳಗಿನ ಪದರಕ್ಕೆ ತಗಲಿ ಬರುವ ಕಾಯಿಲೆಗೆ) ಯಾವ ಪದ ಬಳಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

‘ಹೃದಯ ಕವಾಟದ ಸೋಂಕು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆಯಾದರೂ ಮಕ್ಕಳ ಮಟ್ಟಿಗೆ ಅದು ಸಾಲದು. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದರೆ ರಕ್ತವು ಅದರ ಮೂಲಕ ರಭಸದಿಂದ ಚಿಮ್ಮಿ ಒಳಪದರವನ್ನು ಗಾಸಿಗೊಳಿಸುತ್ತದೆ. ಗಾಸಿಯಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಫೈಬ್ರಿನ್ ಎಳೆಗಳೂ ಕೂಡಿಕೊಂಡು, ಬಾಯಿಯಿಂದಲೋ ಚರ್ಮದ ಗಾಯದಿಂದಲೋ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುತ್ತವೆ. ಹೀಗಾಗಿ ಸೋಂಕು ಕವಾಟವನ್ನು ಮುಟ್ಟದೆಯೂ ರಂಧ್ರದ ಅಂಚಿನಲ್ಲಿ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ಕೃತಕ ಕೊಳವೆಯಲ್ಲಿ ಬೇರೂರಬಹುದು.

‘ಹೃದಯದ ಒಳಪೊರೆಯ ಉರಿಯೂತ’ ಎಂಬುದು ಶಾಸ್ತ್ರಕ್ಕೆ ಹತ್ತಿರವಾದದ್ದು. ಆದರೆ ‘ಪೊರೆ’ ಎಂದೊಡನೆ ಜನರಿಗೆ ನೆನಪಾಗುವುದು ತೆಗೆಸಬೇಕಾದ ಕಣ್ಣಿನ ಪೊರೆ. ‘ಉರಿಯೂತ’ ಎಂದರೆ ಅವರು ಉರಿಯನ್ನೂ ಊತವನ್ನೂ ಹುಡುಕುತ್ತಾರೆ. ನನ್ನ ಆತಂಕವಿರುವುದು ಇಲ್ಲಿಯೇ. ಮಗುವಿನಲ್ಲಿ ಕಾಣುವುದು ಬಿಡದೆ ಕಾಡುವ ಜ್ವರ, ಸುಸ್ತು, ಊಟ ಸೇರದಿರುವುದು, ತೂಕ ಇಳಿಯುವುದು, ಇಷ್ಟೇ ಆಗಿರಬಹುದು. ಮಾಮೂಲಿ ಜ್ವರವೆಂದು ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಸಿರಪ್ ಕುಡಿಸಿಬಿಟ್ಟರೆ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಲ್ಲಿ) ಅದು ಬೆಳೆಯದೆ ಹೋಗಬಹುದು. ಆಗ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಕೊಡಬೇಕಾದ ಔಷಧ ಯಾವುದೆಂದು ನಿರ್ಧರಿಸುವುದೇ ವೈದ್ಯರಿಗೆ ಕಷ್ಟವಾಗುತ್ತದೆ. ಆದ್ದರಿಂದ ‘ಹೃದಯದ ಒಳಪದರದ ಸೋಂಕು’ ಎಂಬುದೇ ಲೇಸೆಂದು ನನ್ನ ಅಭಿಪ್ರಾಯ.

ಹಲ್ಲಿನ ಚಿಕಿತ್ಸೆಗೆ ಮುಂಚೆ ಕೊಡುವ ಆಂಟಿಬಯಾಟಿಕ್‌ಗೆ ‘ರೋಗನಿರೋಧಕ’ ಎಂದು ಬರೆದರೆ ಲಸಿಕೆಯೆಂಬ ಭಾವನೆ ಬರುತ್ತದೆ. ‘ಮುಂಜಾಗ್ರತೆಯ ಔಷಧ’ ಸಾಕೆನಿಸುತ್ತದೆ. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಹೆಚ್ಚಿನ ಅಪಾಯವಿರುವವರಿಗೆ ಸೀಮಿತಗೊಳಿಸಿ, ನಿತ್ಯದ ಬಾಯಿ ಶುಚಿತ್ವಕ್ಕೆ ಒತ್ತು ಕೊಟ್ಟಿತು.

ಬಗೆಹರಿಯದೆ ಉಳಿದಿರುವುದು ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯ ‘ವೆಜಿಟೇಶನ್’, ಅಂದರೆ ಮೇಲೆ ಹೇಳಿದ ಪ್ಲೇಟ್‌ಲೆಟ್, ಫೈಬ್ರಿನ್, ಬ್ಯಾಕ್ಟೀರಿಯಾಗಳು ಕೂಡಿ ಆದ ಮುದ್ದೆ. ಇದಕ್ಕೂ ಸಸ್ಯಕ್ಕೂ ಸಂಬಂಧವಿಲ್ಲ. ‘ಗಡ್ಡೆ’ ಎಂದರೆ ಕ್ಯಾನ್ಸರಿನ ಭಯ ಹುಟ್ಟುತ್ತದೆ. ‘ಹೆಪ್ಪು’ ಎಂದರೆ ಅದರೊಳಗಿನ ಬ್ಯಾಕ್ಟೀರಿಯಾ ಮರೆಯಾಗುತ್ತದೆ. ‘ಸೋಂಕಿನ ಗಂಟು’ ಎನ್ನಬಹುದೇನೋ. ಆದರೆ ಇದರ ತುಣುಕು ಕಳಚಿ ರಕ್ತದೊಡನೆ ಮೆದುಳಿಗೋ ಶ್ವಾಸಕೋಶಕ್ಕೋ ಸಾಗುವ ಅಪಾಯವಿದ್ದು, ‘ಗಂಟು’ ಎಂಬಲ್ಲಿ ಆ ಸಡಿಲತನ ಕಾಣುವುದಿಲ್ಲ. ಇದಕ್ಕಿಂತ ತಕ್ಕ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ?